ಎಚ್ಚರದ ಅಳತೆ, ಸಂಯಮದ ನೆಲೆ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಅದರ ಮೂಲವಾಗಿ ಗುರುತಿಸಿದ್ದಾರೆ. ಆದುದರಿಂದ ಎಚ್ಚರವೆಂಬುದು ಜೈನಧರ್ಮದಲ್ಲಿ ಕೇವಲ ಬುದ್ಧಿಯ ಗುಣವಲ್ಲ, ಅಹಿಂಸೆಯ ಅಡಿಪಾಯ.

ಗಮನವನ್ನೂ ಆವೇಗದ ನಿಗ್ರಹವನ್ನೂ ಅಳೆಯಲು ಆಧುನಿಕ ಮನಶ್ಶಾಸ್ತ್ರವು ಹಲವು ಪರೀಕ್ಷೆಗಳನ್ನು ರೂಪಿಸಿದೆ. 1935ರಲ್ಲಿ ಅಮೆರಿಕದ ಜಾನ್ ರಿಡ್ಲಿ ಸ್ಟ್ರೂಪ್ ಪ್ರಕಟಿಸಿದ ಪರೀಕ್ಷೆಯಲ್ಲಿ ‘ಕೆಂಪು’ ಎಂಬ ಪದವು ಹಸಿರು ಶಾಯಿಯಲ್ಲಿ ಮುದ್ರಿತವಾಗಿರುತ್ತದೆ; ಪದವನ್ನು ಓದಿಬಿಡುವ ಅಭ್ಯಾಸವನ್ನು ತಡೆದು ಶಾಯಿಯ ಬಣ್ಣವನ್ನು ಹೇಳಬೇಕು. ಮತ್ತೊಂದರಲ್ಲಿ ಒಂದು ಚಿಹ್ನೆ ಕಂಡಾಗ ಗುಂಡಿಯನ್ನು ಒತ್ತಬೇಕು, ಬೇರೊಂದು ಕಂಡಾಗ ಕೈಯನ್ನು ತಡೆಯಬೇಕು. ತಪ್ಪುಗಳೂ ತಗಲಿದ ಕಾಲವೂ ಅಂಕಗಳಾಗುತ್ತವೆ.

ಈ ಅಂಕಗಳು ಶಕ್ತಿಯನ್ನು ತಿಳಿಸುತ್ತವೆ, ಶೀಲವನ್ನಲ್ಲ. ಹೊಂಚುಹಾಕಿ ಕುಳಿತ ಬೇಟೆಗಾರನಿಗೂ ಏಕಾಗ್ರತೆಯುಂಟು. ಶಾಸ್ತ್ರವು ಅದನ್ನು ರೌದ್ರಧ್ಯಾನವೆಂದು ಕರೆಯುತ್ತದೆ.

ಮಕ್ಕಳ ವಿಷಯದಲ್ಲಂತೂ ತೀರ್ಪಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. 1960ರ ದಶಕದ ಕೊನೆಯಿಂದ ವಾಲ್ಟರ್ ಮಿಶೆಲ್ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ನಡೆಸಿದ ಪ್ರಯೋಗಗಳು ಪ್ರಸಿದ್ಧವಾಗಿವೆ. ಈಗಲೇ ತಿಂದರೆ ಒಂದು ತಿನಿಸು, ಕಾದರೆ ಎರಡು. ಕಾದ ಮಕ್ಕಳು ಮುಂದೆ ಓದಿನಲ್ಲಿ ಮುಂದಾದರೆಂದು ತಿಳಿದುಬಂದಾಗ, ಕಾಯದ ಮಗುವಿನಲ್ಲೇ ಕೊರತೆಯಿದೆಯೆಂದು ಅನೇಕರು ಬಗೆದರು. ಆದರೆ 2018ರಲ್ಲಿ ಒಂಬೈನೂರಕ್ಕೂ ಹೆಚ್ಚು ಮಕ್ಕಳನ್ನು ಕುರಿತ ಅಧ್ಯಯನದಲ್ಲಿ, ಮನೆಯ ಪರಿಸ್ಥಿತಿ ಮೊದಲಾದವುಗಳನ್ನು ಗಣನೆಗೆ ತಂದಾಗ ಆ ಸಂಬಂಧವು ಬಹುಮಟ್ಟಿಗೆ ಕ್ಷೀಣಿಸಿತು.

ಇನ್ನೂ ಮಾರ್ಮಿಕವಾದುದು ರಾಚೆಸ್ಟರ್ ವಿಶ್ವವಿದ್ಯಾಲಯದಿಂದ 2013ರಲ್ಲಿ ಪ್ರಕಟವಾದ ಪ್ರಯೋಗ. 28 ಮಕ್ಕಳಿಗೆ ಚಿತ್ರ ಬಿಡಿಸುವ ಒಳ್ಳೆಯ ಸಾಮಗ್ರಿಯನ್ನು ತರುವುದಾಗಿ ಮೊದಲು ಮಾತು ಕೊಡಲಾಯಿತು. ಅರ್ಧದಷ್ಟು ಮಕ್ಕಳಿಗೆ ಆ ಮಾತು ನಡೆಯಿತು, ಉಳಿದವರಿಗೆ ನಡೆಯಲಿಲ್ಲ. ಅನಂತರ ತಿನಿಸಿನ ಪರೀಕ್ಷೆ. ಮಾತು ನಡೆಸಿಕೊಟ್ಟ ಗುಂಪಿನಲ್ಲಿ 14ರಲ್ಲಿ 9 ಮಕ್ಕಳು ಹದಿನೈದು ನಿಮಿಷವೂ ಕಾದರು. ಮಾತು ತಪ್ಪಿದ ಗುಂಪಿನಲ್ಲಿ ಕಾದದ್ದು ಒಂದೇ ಮಗು.

ಹಾಗಾದರೆ ಅಲ್ಲಿ ಅಳೆಯಲ್ಪಟ್ಟದ್ದು ಯಾರ ಗುಣ? ವಂಚನೆಗೊಳಗಾದ ಮಗು ಕೈಚಾಚಿದ್ದು ಚಾಪಲ್ಯವಲ್ಲ, ವಿವೇಕವೇ ಇರಬಹುದು. ಒಂದೇ ಅಂಕದಿಂದ ‘ಚಂಚಲ’ನೆಂಬ ಹಣೆಪಟ್ಟಿಯನ್ನು ಹಚ್ಚುವುದು ಏಕಾಂತದೃಷ್ಟಿ, ಆ ಹಣೆಪಟ್ಟಿಯನ್ನು ಮಗು ಬಹುಕಾಲ ಹೊರಬೇಕಾಗುತ್ತದೆ. ಪರೀಕ್ಷೆಗಳು ನಿರರ್ಥಕವೆಂದು ಇದರ ಅರ್ಥವಲ್ಲ. ನೆರವು ಬೇಕಾದ ಮಗುವನ್ನು ಗುರುತಿಸಲು ಅವು ಸಹಾಯಕವಾಗಬಲ್ಲವು, ಶೀಲದ ತೀರ್ಪುಗಾರರಾಗಲಾರವು.

ಅಳುವ ಮಗುವನ್ನು ಸುಮ್ಮನಾಗಿಸಲು ಏನನ್ನೋ ಕೊಡುವೆನೆಂದು ಹೇಳಿ ಮರೆಯುವುದು ಮನೆಮನೆಯಲ್ಲೂ ನಡೆಯುವಂಥದು. ಶ್ರಾವಕನ ಸತ್ಯಾಣುವ್ರತಕ್ಕೆ ಭಂಗ ಬರುವುದು ಇಂತಹ ಸಣ್ಣ ಮಾತುಗಳಲ್ಲಿಯೇ. ಮಗುವಿಗೆ ಸಂಯಮವನ್ನು ಬೋಧಿಸುವ ಮುನ್ನ ಹಿರಿಯರು ತಮ್ಮ ಮಾತನ್ನು ಉಳಿಸಿಕೊಳ್ಳಬೇಕು. ಕಾಯುವ ಮನಸ್ಸು ಬೆಳೆಯುವುದು ನಂಬಬಹುದಾದ ಮಾತಿನ ಆಸರೆಯಲ್ಲಿ.