ಗೊರಟೆಯ ಪಾಲು

ಮಾವಿನಹಣ್ಣನ್ನು ಸೃಷ್ಟಿಸಿದವನಿಗೆ ಮೂರು ಮಕ್ಕಳಿರಲಿಲ್ಲವೆಂದು ತೋರುತ್ತದೆ. ಇದ್ದಿದ್ದರೆ ಅದನ್ನು ಹೀಗೆ ಮಾಡುತ್ತಿರಲಿಲ್ಲ. ಕಿತ್ತಳೆಗೆ ತೊಳೆಗಳಿವೆ, ಹಲಸಿಗೂ ತೊಳೆಗಳಿವೆ. ಎಣಿಸಿ ಹಂಚಿ ಕೈ ತೊಳೆದುಕೊಳ್ಳಬಹುದು. ಮಾವಿನ ಹಣ್ಣು ಹಾಗಲ್ಲ. ಚಾಕು ಆಡಿಸಿದರೆ ಆ ಕಡೆಗೊಂದು ಹೋಳು, ಈ ಕಡೆಗೊಂದು ಹೋಳು, ನಡುವೆ ಒಂದು ಗೊರಟೆ. ಎರಡು ಮಕ್ಕಳಿರುವ ಮನೆಯಲ್ಲಿ ಮಕ್ಕಳಿಗೆ ಹೋಳು, ತಾಯಿಗೆ ಗೊರಟೆ ಎಂದು ಕಥೆ ಮುಗಿಯುತ್ತದೆ. ಮೂರು ಮಕ್ಕಳಿರುವ ಮನೆಯಲ್ಲಿ ಗೊರಟೆ ಯಾರಿಗೆ ಎಂಬುದು ಧರ್ಮಜಿಜ್ಞಾಸೆಯ ವಿಷಯವಾಗಿಬಿಡುತ್ತದೆ.

ಇನ್ನೊಂದು ಹಣ್ಣು ಹೆಚ್ಚಬಾರದೆ ಎಂದು ವಾಚಕರು ಕೇಳಬಹುದು. ಹೆಚ್ಚಬಹುದು. ಆಗ ಹೋಳು ನಾಲ್ಕು, ಗೊರಟೆ ಎರಡು, ಜಗಳವೂ ಎರಡು. ಹಣ್ಣಿನ ತೊಂದರೆ ಹೇಗೋ ತೀರಿತೆಂದುಕೊಂಡರೂ ಮನೆಯಲ್ಲಿ ಮೂರರಿಂದ ಭಾಗವಾಗದ ವಸ್ತುಗಳು ಇನ್ನೂ ಎಷ್ಟೋ ಇವೆ. ಬಸ್ಸಿನ ಸೀಟಿಗೆ ಕಿಟಕಿ ಒಂದೇ. ತಂದೆಗೆ ಹಿಡಿದುಕೊಳ್ಳಲು ಕೈ ಎರಡೇ. ರಾತ್ರಿ ಹಾಸಿಗೆ ಹಾಸಿದರೆ ತಾಯಿಗೂ ಮಗ್ಗುಲು ಎರಡೇ.

ನನ್ನ ಮಕ್ಕಳಲ್ಲಿ ದೊಡ್ಡವನಿಗೆ ಹತ್ತು ವರ್ಷ, ನಡುವಿನ ಹುಡುಗಿಗೆ ಏಳು, ಚಿಕ್ಕವನಿಗೆ ನಾಲ್ಕು. ದೊಡ್ಡವನು ನ್ಯಾಯವಾದಿ. ಮೂರು ಲೋಟಗಳನ್ನು ಒಂದೇ ಸಾಲಿನಲ್ಲಿಟ್ಟು, ಬಗ್ಗಿ, ಕಣ್ಣನ್ನು ಹಾಲಿನ ಮಟ್ಟಕ್ಕೆ ತಂದು, "ನನ್ನದರಲ್ಲಿ ಒಂದು ಬೆರಳು ಕಡಿಮೆ" ಎಂದು ತೀರ್ಪು ಕೊಡುತ್ತಾನೆ. ಚಿಕ್ಕವನಿಗೆ ವಾದ ಬಾರದು. ಅವನು ನೆಲದ ಮೇಲೆ ಉರುಳುತ್ತಾನೆ. ವಾದಕ್ಕೂ ಉರುಳುವಿಕೆಗೂ ನಮ್ಮ ಮನೆಯಲ್ಲಿ ಬೆಲೆಯಿದೆ. ನಡುವಿನವಳು ಎರಡನ್ನೂ ಮಾಡುವುದಿಲ್ಲ. ಆದ್ದರಿಂದ ನಮ್ಮಲ್ಲಿ ಗೊರಟೆಯ ಜಿಜ್ಞಾಸೆ ಮೂರು ಬೇಸಿಗೆ ಏಳಲೇ ಇಲ್ಲ. ಹೋಳುಗಳು ಆಚೀಚೆ ಹೋದವು. ಗೊರಟೆ ಅವಳ ಕೈಗೆ ಬಂತು. ಮನೆಗೆ ಬಂದವರೆದುರು, "ನಮ್ಮ ಹುಡುಗಿಗೆ ಗೊರಟೆ ಚೀಪುವುದೆಂದರೆ ಪ್ರಾಣ" ಎಂದು ನಾನು ಹೆಮ್ಮೆಯಿಂದ ಹೇಳುತ್ತಲೂ ಇದ್ದೆ.

ಈ ಬೇಸಿಗೆಯಲ್ಲಿ ನನ್ನ ಹೆಂಡತಿ ಗಂಡುಮಕ್ಕಳಿಬ್ಬರನ್ನೂ ಕರೆದುಕೊಂಡು ಒಂದು ಮದುವೆಗೆ ಹೋಗಿದ್ದಳು. ಹುಡುಗಿಗೆ ಜ್ವರ ಬಿಟ್ಟು ಎರಡು ದಿನವಾಗಿತ್ತಷ್ಟೆ. ನನ್ನ ಜೊತೆ ಮೈಸೂರಿನ ಮನೆಯಲ್ಲೇ ಉಳಿದಳು. ಮಧ್ಯಾಹ್ನ ಊಟವಾದ ಮೇಲೆ, ಶ್ರೀನಿವಾಸಪುರದ ಕಡೆಯ ನೆಂಟರು ಕಳಿಸಿದ್ದ ಬುಟ್ಟಿಯಿಂದ ಒಂದು ಬಾದಾಮಿ ಹಣ್ಣು ತೆಗೆದು ಹೆಚ್ಚಿದೆ. ಹಂಚುವ ಪ್ರಮೇಯವಿಲ್ಲದ್ದರಿಂದ ಎರಡು ಹೋಳನ್ನೂ ಗೊರಟೆಯನ್ನೂ ತಟ್ಟೆಯಲ್ಲಿಟ್ಟು ಅವಳ ಮುಂದೆ ಸರಿಸಿದೆ. ಅವಳು ಒಂದು ಹೋಳು ತಿಂದಳು. ಇನ್ನೊಂದನ್ನೂ ಸಾವಕಾಶವಾಗಿ, ಸಿಪ್ಪೆ ಬೆಳ್ಳಗಾಗುವವರೆಗೂ ತಿಂದಳು. ಗೊರಟೆಯನ್ನು ತಟ್ಟೆಯ ಅಂಚಿಗೆ ತಳ್ಳಿ ಎದ್ದಳು.

"ಯಾಕಮ್ಮ, ಗೊರಟೆ ಬೇಡವೆ? ನಿನಗೆ ಅದು ಇಷ್ಟವಲ್ಲವೆ?" ಎಂದೆ.

"ಇಷ್ಟ ಅಂತ ನೀನೇ ಹೇಳ್ತಿದ್ದೆಯಲ್ಲಪ್ಪ" ಎಂದಳು.

ಮಾತಿನಲ್ಲಿ ದೂರಿರಲಿಲ್ಲ, ಅಳುವೂ ಇರಲಿಲ್ಲ. ಮಗ್ಗಿ ಒಪ್ಪಿಸುವಷ್ಟೇ ಸಹಜವಾಗಿ ಹೇಳಿ ಕೈ ತೊಳೆಯಲು ಹೋದಳು. ನಾನು ಆ ಗೊರಟೆಯನ್ನು ನೋಡುತ್ತ ಬಹಳ ಹೊತ್ತು ಕುಳಿತಿದ್ದೆ.

ನನ್ನ ತಪ್ಪಿನ ಬಗೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಡಿಮೆ ಕೊಟ್ಟದ್ದು ಒಂದು ತಪ್ಪು. ಆದರೆ ಅದು ಸಣ್ಣದು; ಯಾವ ಮನೆಯಲ್ಲಿಯೂ ಯಾರಿಗಾದರೂ ಒಂದು ದಿನ ಕಡಿಮೆಯಾಗುತ್ತದೆ. ಕಡಿಮೆ ಕೊಟ್ಟು, ಅದೇ ನಿನ್ನ ಇಷ್ಟವೆಂದು ಅವಳಿಗೇ ಹೇಳಿ ನಂಬಿಸಿದ್ದು ದೊಡ್ಡ ತಪ್ಪು. ಮೊದಲ ಸಲ ಗೊರಟೆಯನ್ನು ಕೈಗಿಟ್ಟಾಗ ಅವಳು ಅಳಲಿಲ್ಲ. ಅಳಲಿಲ್ಲವೆಂಬುದನ್ನೇ ನಾನು ಇಷ್ಟವೆಂದು ಅರ್ಥಮಾಡಿದೆ. ಪದ್ಯಗಳಿಗೆ ಅರ್ಥ ಹೇಳಿ ಸಂಬಳ ತೆಗೆದುಕೊಳ್ಳುವವನು ಮನೆಯಲ್ಲಿ ಮಾಡಿದ ಅರ್ಥ ಇದು.

ಸ್ವಿಟ್ಜರ್ಲೆಂಡಿನ ಝಾನ್ ಪಿಯಾಜೆ ಮಕ್ಕಳ ನ್ಯಾಯಬುದ್ಧಿಯನ್ನು ಕುರಿತು 1932ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಮಕ್ಕಳೊಡನೆ ಗೋಲಿಯಾಡುತ್ತ, ಕಥೆ ಹೇಳಿ ಪ್ರಶ್ನೆ ಕೇಳುತ್ತ ಅವನು ಕಂಡುಕೊಂಡದ್ದು ಸ್ಥೂಲವಾಗಿ ಇದು: ಏಳೆಂಟು ವರ್ಷದವರೆಗೆ ಮಕ್ಕಳಿಗೆ ಹಿರಿಯರು ಮಾಡಿದ್ದೇ ನ್ಯಾಯ. ಆಮೇಲೆ ಕೆಲವು ವರ್ಷ ಸಮಪಾಲೇ ನ್ಯಾಯ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಕೂಡದು. ಹನ್ನೊಂದು ಹನ್ನೆರಡರ ಹೊತ್ತಿಗೆ ಯಾರಿಗೆ ಎಷ್ಟು ಅಗತ್ಯ ಎಂಬ ವಿವೇಚನೆ ಮೂಡುತ್ತದೆ. ಇದನ್ನು ಓದಿದಾಗ ಹಾಲಿನ ಮಟ್ಟ ನೋಡುವ ನನ್ನ ದೊಡ್ಡ ಮಗನ ನೆನಪಾಗಿ ನಕ್ಕಿದ್ದೆ. ಮಗಳ ನೆನಪು ಬರಲಿಲ್ಲ. ಹಿರಿಯರು ಮಾಡಿದ್ದೇ ನ್ಯಾಯವೆಂದು ನಂಬುವ ವಯಸ್ಸಿನಲ್ಲಿ ಅವಳಿದ್ದಳು. ಆ ನಂಬಿಕೆಯಿಂದಲೇ ನನ್ನ ಮನೆಯ ಶಾಂತಿ ನಡೆಯುತ್ತಿತ್ತು.

ನಡುವಿನ ಮಗುವಿನ ಈ ಪಾಡು ಹೊಸದಲ್ಲ. ಐತರೇಯ ಬ್ರಾಹ್ಮಣದಲ್ಲಿ ಶುನಃಶೇಪನ ಕಥೆ ಬರುತ್ತದೆ. ಹರಿಶ್ಚಂದ್ರನ ಮಗ ರೋಹಿತ ವರುಣನಿಗೆ ತನ್ನ ಬದಲು ಬಲಿಕೊಡಲು ಒಬ್ಬನನ್ನು ಹುಡುಕುತ್ತ ಕಾಡಿನಲ್ಲಿ ಅಜೀಗರ್ತನೆಂಬ ಬಡವನ ಬಳಿಗೆ ಬರುತ್ತಾನೆ. ಅವನಿಗೆ ಮೂವರು ಗಂಡುಮಕ್ಕಳು. ನೂರು ಹಸು ಕೊಡುತ್ತೇನೆ, ಒಬ್ಬನನ್ನು ಕೊಡು ಎನ್ನುತ್ತಾನೆ ರೋಹಿತ. ತಂದೆ ಹಿರಿಯವನನ್ನು ತಬ್ಬಿಕೊಂಡು, ಇವನನ್ನು ಕೊಡಲಾರೆನೆಂದ. ತಾಯಿ ಕಿರಿಯವನನ್ನು ತಬ್ಬಿಕೊಂಡು, ಇವನನ್ನು ಕೊಡಲಾರೆನೆಂದಳು. ನಡುವಿನ ಶುನಃಶೇಪನ ವಿಷಯದಲ್ಲಿ ಇಬ್ಬರಿಗೂ ಒಮ್ಮತವಾಯಿತು. ತರಗತಿಯಲ್ಲಿ ಈ ಕಥೆ ಹೇಳುವಾಗ ಅಜೀಗರ್ತನನ್ನು ನಾನು ಕಟುವಾಗಿ ನಿಂದಿಸುತ್ತಿದ್ದೆ. ಈಗ ಒಂದು ವಿಷಯ ಗಮನಕ್ಕೆ ಬರುತ್ತದೆ. ಹಸುಗಳ ಆಸೆ ಆಮೇಲಿನದು. ಶುನಃಶೇಪನನ್ನು ದ್ವೇಷಿಸಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಒಬ್ಬೊಬ್ಬರ ತೋಳೂ ಒಬ್ಬೊಬ್ಬನ ಮೇಲೆ ಬಿದ್ದಿತ್ತು. ಇವನ ಮೇಲೆ ಯಾರ ತೋಳೂ ಇರಲಿಲ್ಲ, ಅಷ್ಟೆ. ದೇವತೆಗಳನ್ನು ಸ್ತುತಿಸಿ ಬಿಡುಗಡೆಯಾದ ಮೇಲೆ ಆ ಹುಡುಗ ತಂದೆ ಕರೆದರೂ ಮನೆಗೆ ಹಿಂತಿರುಗಲಿಲ್ಲ. ವಿಶ್ವಾಮಿತ್ರನ ಮಗನಾಗಿ, ಅಲ್ಲಿ ಹಿರಿಯನ ಸ್ಥಾನದಲ್ಲಿ ಉಳಿದ.

ಇನ್ನೊಂದು ಪ್ರಶ್ನೆಯನ್ನೂ ನಾನು ನುಂಗಿಕೊಳ್ಳುವಂತಿಲ್ಲ. ಗೊರಟೆ ಅವಳಿಗೆ ಹೋದದ್ದು ನಡುವಿನವಳೆಂದೋ, ಹೆಣ್ಣೆಂದೋ? ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಡಲು ಹಿಂದೂ ಉತ್ತರಾಧಿಕಾರದ ಕಾನೂನಿಗೆ ನಮ್ಮ ರಾಜ್ಯದಲ್ಲಿ 1994ರಲ್ಲಿಯೂ, ದೇಶಕ್ಕೆಲ್ಲ ಅನ್ವಯಿಸುವಂತೆ 2005ರಲ್ಲಿಯೂ ತಿದ್ದುಪಡಿಯಾಯಿತು. ಅದನ್ನು ಮೆಚ್ಚಿ ಮಾತನಾಡುವವರಲ್ಲಿ ನಾನೂ ಒಬ್ಬ. ನನ್ನ ಮನೆಯಲ್ಲಿ ಭೇದವಿಲ್ಲವೆಂದೇ ತಿಳಿದಿದ್ದೆ. ಆದರೆ "ನೀನು ಸ್ವಲ್ಪ ಸುಧಾರಿಸಿಕೋ ಪುಟ್ಟಿ" ಎಂಬ ಮಾತನ್ನು ಗಂಡುಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೆಂದು ನೆನೆದರೆ ಲೆಕ್ಕ ಬೆರಳುಗಳಲ್ಲಿ ಮುಗಿಯುತ್ತದೆ. ಅವಳಿಗೆ ಹೇಳಿದ್ದಕ್ಕೆ ಲೆಕ್ಕವಿಲ್ಲ. ಸುಧಾರಿಸಿಕೊಳ್ಳುವುದು ಹೆಣ್ಣಿಗೆ ಹುಟ್ಟಿನಿಂದ ಬಂದ ವಿದ್ಯೆಯೆಂದು ನನ್ನ ಒಳಗಿನ ಯಾವನೋ ಹಳಬ ಇನ್ನೂ ನಂಬಿರಬೇಕು.

ಹಾಗಾದರೆ ಕಾನೂನಿನಂತೆ ಮನೆಯಲ್ಲಿಯೂ ಎಲ್ಲವನ್ನೂ ತೂಕ ಹಾಕಿ ಸಮನಾಗಿ ಹಂಚಿಬಿಡೋಣವೆ? ನಮ್ಮ ಹಿರಿಯರು ಪಂಕ್ತಿಭೇದ ಪಾಪವೆಂದರು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಕೂಡದೆಂದರು. ನಿಜವೇ. ಆದರೆ ಕಾನೂನು ಸಮಪಾಲು ಹಾಕುವುದು ಅದಕ್ಕೆ ಮುಖಗಳು ಕಾಣುವುದಿಲ್ಲವಾದ್ದರಿಂದ, ಕಾಣಬಾರದು ಕೂಡ. ತಾಯಿತಂದೆಗಳಿಗೆ ಆ ಸೌಲಭ್ಯವಿಲ್ಲ. ಹತ್ತು ವರ್ಷದವನ ಹಸಿವೂ ನಾಲ್ಕು ವರ್ಷದವನ ಹಸಿವೂ ಒಂದಲ್ಲ. ಜ್ವರ ಬಂದ ಮಗು ತಾಯಿಯ ತೊಡೆಯ ಮೇಲೆ ರಾತ್ರಿಯೆಲ್ಲ ಮಲಗಿದರೆ ಉಳಿದಿಬ್ಬರು ನಾಳೆ ತಮಗೂ ಅಷ್ಟು ಗಂಟೆ ತೊಡೆ ಬೇಕೆಂದು ಕೇಳುವುದಿಲ್ಲ. ನೋಡದೆ ಹಂಚಿದರೆ ಏನಾಗುತ್ತದೆಂಬುದಕ್ಕೆ ಮಹಾಭಾರತದಲ್ಲೇ ನಿದರ್ಶನವಿದೆ. ಕುಂತಿ ಒಳಗಿನಿಂದಲೇ, ತಂದದ್ದೇನೆಂದು ತಿರುಗಿ ನೋಡದೆ, ಎಲ್ಲರೂ ಹಂಚಿಕೊಳ್ಳಿ ಎಂದಳು. ನಿಷ್ಪಕ್ಷಪಾತದಲ್ಲಿ ಆ ಮಾತಿಗೆ ಕೊರತೆಯಿರಲಿಲ್ಲ. ಅದನ್ನು ಧರ್ಮಕ್ಕೆ ಹೊಂದಿಸಲು ಮಾತ್ರ ವ್ಯಾಸರೇ ಬರಬೇಕಾಯಿತು.

ಅದೇ ಭಾರತದಲ್ಲಿ ನೋಡಿ ಹಂಚಿದ ಪ್ರಸಂಗವೂ ಇದೆ. ಕೊಳದ ದಡದಲ್ಲಿ ನಾಲ್ವರು ತಮ್ಮಂದಿರು ಸತ್ತು ಬಿದ್ದಿದ್ದಾರೆ. ಯಕ್ಷ ಒಬ್ಬನನ್ನು ಮಾತ್ರ ಬದುಕಿಸುತ್ತೇನೆನ್ನುತ್ತಾನೆ. ಧರ್ಮರಾಯ ಭೀಮನನ್ನು ಕೇಳಲಿಲ್ಲ, ಅರ್ಜುನನನ್ನು ಕೇಳಲಿಲ್ಲ, ನಕುಲನನ್ನು ಕೇಳಿದ. ಕುಂತಿಗೆ ನಾನೊಬ್ಬ ಉಳಿದಿದ್ದೇನೆ, ಮಾದ್ರಿಗೂ ಒಬ್ಬ ಉಳಿಯಲಿ ಎಂಬುದು ಅವನು ಕೊಟ್ಟ ಕಾರಣ. ಮಾದ್ರಿ ಅಲ್ಲಿರಲಿಲ್ಲ; ಅವಳು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಕೇಳಿಕೊಳ್ಳಲಾರದವಳ ಪಾಲನ್ನು ಅವನು ನೆನೆದ. ಅವನ ಸತ್ಯದ ಬಗ್ಗೆ, ಜೂಜಿನ ಬಗ್ಗೆ ಏನೇ ಹೇಳಿ, ಈ ಒಂದು ಗಳಿಗೆಯಲ್ಲಿ ಅವನು ಧರ್ಮರಾಯನೇ ಹೌದು. ಕೇಳುವವರಿಗೆ ಕೊಡುವುದು ದೊಡ್ಡದಲ್ಲ. ಅಳದಿದ್ದರೆ ತಾಯಿಯೂ ಹಾಲು ಕೊಡಳೆಂಬ ಗಾದೆಯೇ ಇದೆ. ಆ ಗಾದೆಯನ್ನು ನಾವು ಬುದ್ಧಿವಾದವಾಗಿ ಮಕ್ಕಳಿಗೆ ಹೇಳುತ್ತೇವೆ. ಅದು ದೊಡ್ಡವರ ಮೇಲಿನ ದೂರೆಂದು ನನಗೆ ಹೊಳೆದದ್ದು ಈಗ. ಅಳದವಳಿಗೆ ದಿನವೂ ಕಡಿಮೆಯಾದರೆ, ಒಳ್ಳೆಯತನಕ್ಕೆ ನಾವು ಕಂದಾಯ ಹಾಕಿದಂತಾಯಿತು.

ನನ್ನ ಅಜ್ಜಿ ಈ ಕಷ್ಟವನ್ನು ಹೇಗೆ ಬಿಡಿಸಿಕೊಂಡಿದ್ದಳೆಂದು ಯೋಚಿಸುತ್ತೇನೆ. ಬೇಸಿಗೆ ರಜೆಯಲ್ಲಿ ಅವಳ ಮನೆಯಲ್ಲಿ ನಾವು ಎಂಟು ಮಕ್ಕಳು ಸೇರುತ್ತಿದ್ದೆವು. ರಾತ್ರಿ ದೊಡ್ಡ ಬೋಗುಣಿಯಲ್ಲಿ ಅನ್ನಕ್ಕೆ ಹುಳಿ ಕಲಸಿಕೊಂಡು ನಡುವೆ ಕೂರುವಳು, ಸುತ್ತ ನಾವು. ಕೈತುತ್ತು ಒಂದು ಕಡೆಯಿಂದ ಹೊರಟು ಸುತ್ತಿ ಬರುವುದು. ತುತ್ತುಗಳು ಸಮನಾಗಿರುತ್ತಿದ್ದವೆಂದು ಹೇಳಲಾರೆ. ದೊಡ್ಡ ಅಂಗೈಗೆ ದೊಡ್ಡ ತುತ್ತು, ಚಿಕ್ಕ ಅಂಗೈಗೆ ಚಿಕ್ಕ ತುತ್ತು. ಖಾರ ತಿನ್ನಲಾರದವನಿಗೆ ತುತ್ತಿನ ಕುಳಿಯಲ್ಲಿ ಒಂದು ತೊಟ್ಟು ತುಪ್ಪ ಹೆಚ್ಚು. ಯಾರೂ ಅಳತೆಯ ತಕರಾರು ತೆಗೆಯಲಿಲ್ಲ. ಏಕೆಂದರೆ ಸರದಿ ಒಮ್ಮೆಯೂ ತಪ್ಪುತ್ತಿರಲಿಲ್ಲ. ಮಾತನಾಡುತ್ತ ಮೈಮರೆತು ಕೈಚಾಚದೆ ಕುಳಿತವನ ಮುಂದೆಯೂ ಅವಳ ಕೈ ನಿಲ್ಲುತ್ತಿತ್ತು; ಅವನು ತಿರುಗಿ ನೋಡುವವರೆಗೆ ನಿಂತೇ ಇರುತ್ತಿತ್ತು. ತುತ್ತು ಕೊಡುವಾಗ ಆ ಮಗುವಿನ ಮುಖ ನೋಡುತ್ತಿದ್ದಳು. ಒಂದು ಸುತ್ತಿಗೆ ಎಂಟು ಮುಖ.

ಪಾಲು ಸಮವಾಗಿರಬೇಕೆಂಬುದಕ್ಕಿಂತ ಸರದಿ ತಪ್ಪಬಾರದೆಂಬುದು ಮನೆಯ ಧರ್ಮವೆಂದು ನನಗೆ ತೋರುತ್ತದೆ. ಅಗತ್ಯ ಕಂಡು ಒಬ್ಬರಿಗೆ ಹೆಚ್ಚು ಕೊಡಬಹುದು. ಐದು ಬೆರಳೂ ಸಮವಿಲ್ಲ. ಆದರೆ ಇಂದು ಕಡಿಮೆಯಾದವರಿಗೆ, ಕಡಿಮೆಯಾಯಿತೆಂದು ನಮ್ಮ ಬಾಯಿಂದಲೇ ಹೇಳಬೇಕು. ಕಾರಣವನ್ನೂ ಹೇಳಬೇಕು. ನಾಳೆ ಅವರೇ ಮತ್ತೆ ಬಿಟ್ಟುಕೊಡದಂತೆ ನೋಡಬೇಕು. ಕಡಿಮೆಯನ್ನು ಕಡಿಮೆಯೆಂದು ಹೇಳದೆ ಇಷ್ಟವೆಂದು ಹೆಸರಿಟ್ಟರೆ, ಮಗು ಹೋಳನ್ನಷ್ಟೇ ಕಳೆದುಕೊಳ್ಳುವುದಿಲ್ಲ. ತನಗೇನು ಇಷ್ಟವೆಂದು ತಿಳಿಯುವ ಬಗೆಯನ್ನೇ ಕಳೆದುಕೊಳ್ಳುತ್ತದೆ.

ಮದುವೆಯಿಂದ ಎಲ್ಲರೂ ಹಿಂತಿರುಗಿದ ಮೇಲೆ ನಡೆದದ್ದನ್ನು ಹೆಂಡತಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಮ್ಮನೂ ನನಗೆ ದೋಸೆಯ ಸೀದ ಅಂಚು ಇಷ್ಟ ಅಂತಿದ್ದಳು ಕಣ್ರೀ" ಎಂದಳು. ಮದುವೆಯಾಗಿ ಹದಿಮೂರು ವರ್ಷ ಸೀದ ಅಂಚುಗಳನ್ನು ಅವಳ ತಟ್ಟೆಗೆ ಸರಿಸುತ್ತ ಬಂದವನು ನಾನು.

ಮರುದಿನ ಹಣ್ಣು ಹೆಚ್ಚುವಾಗ ಗೊರಟೆ ನನಗಿರಲಿ ಎಂದೆ. ತಕ್ಷಣ ದೊಡ್ಡವನಿಗೆ ಅನುಮಾನ ಬಂತು. ಅಪ್ಪ ಇಟ್ಟುಕೊಳ್ಳುವುದು ಒಳ್ಳೆಯದೇ ಇರಬೇಕೆಂದು ತನಗೆ ಗೊರಟೆಯೇ ಬೇಕೆಂದ. ಚಿಕ್ಕವನು ಅಣ್ಣನಿಗೆ ಬೇಕಾದದ್ದು ತನಗೆ ಬೇಕೆಂದು ನೆಲದ ಮೇಲೆ ಉರುಳಿದ. ಆ ಗದ್ದಲದ ನಡುವೆ ಮಗಳ ಕಡೆ ತಿರುಗಿ, "ನಿನಗೆ ಯಾವುದು ಬೇಕಮ್ಮ?" ಎಂದೆ.

ಅವಳು ಅಣ್ಣನನ್ನು ನೋಡಿದಳು, ತಮ್ಮನನ್ನು ನೋಡಿದಳು. ನಾನು ಯಾವ ಉತ್ತರ ಬಯಸುತ್ತಿರುವೆನೋ ಎಂದು ನನ್ನ ಮುಖವನ್ನೂ ನೋಡಿದಳು. ಆಮೇಲೆ ತಟ್ಟೆಯನ್ನು ನೋಡುತ್ತ ಯೋಚಿಸತೊಡಗಿದಳು. ನಾನು ಚಾಕು ಕೆಳಗಿಟ್ಟು ಕಾಯುತ್ತ ಕುಳಿತೆ.