ಸೆರೆಯೂರಿನಲ್ಲಿ ಗಿಡ ಹಚ್ಚಿರಿ

ಯೆರೆಮೀಯ 29 ತೆಗೆಯಿರಿ. ಬಾಬೆಲಿಗೆ ಸೆರೆಹೋದವರಿಗೆ ದೇವರು ಏನಂದನು? ಮನೆ ಕಟ್ರಿ, ತೋಟ ಮಾಡ್ರಿ, ಆ ಊರಿನ ಒಳಿತಿಗಾಗಿ ಬೇಡ್ರಿ ಅಂದನು. ಬಿಡುಗಡೆಗೆ ಇನ್ನೂ 70 ವರ್ಷ!

"ಪಾಸ್ಟರ್, ನಮ್ಮೂರು ಪರಲೋಕ, ಪಾರ್ಕ್ ಯಾಕ್ರೀ?" ಅಂತೀರಿ. ನಿಮ್ಮಲ್ಲಿ ಕೆಲವರಿಗೆ ಪರಲೋಕ ಅಂದ್ರೆ ಬೆಂಗಳೂರು, ನನಗೆ ಗೊತ್ತು. ಆ ಬೆಂಗಳೂರಿನ ಜೆ.ಪಿ. ನಗರದಲ್ಲೇ ಬತ್ತುತ್ತಿದ್ದ ಪುಟ್ಟೇನಹಳ್ಳಿ ಕೆರೆಗಾಗಿ ನೆರೆಹೊರೆಯವರು 2010ರಲ್ಲಿ ಟ್ರಸ್ಟ್ ಮಾಡಿದರು. ಕಸ ತೆಗೆದರು, ದಂಡೆಗೆ ಗಿಡ ಹಚ್ಚಿದರು, ಇವತ್ತಿಗೂ ನೋಡಿಕೊಳ್ತಾರೆ.

ನಮಗೆ ವಾಡಿಯ ಸಿಮೆಂಟು, ಶಹಾಬಾದಿನ ಕಲ್ಲುಗಣಿ, ಸುಡೋ ಬಿಸಿಲು. ನೆರಳು ಬೇಕಾದದ್ದು ಇಲ್ಲೇ. ಮಳೆಗಾಲದಾಗ ಗಿಡ ಹಚ್ಚಿ ಸೆಲ್ಫಿ ಹಾಕೋರು ಬಹಳ. ಏಪ್ರಿಲ್‌ನಾಗ, ನಲ್ಲಿ ಬಾರದ ದಿನ, ಕೊಡ ಹೊತ್ತು ನೀರು ಹಾಕೋರು ಯಾರು? ಅವರು ಮಾತ್ರ ಕೈ ಎತ್ತಿರಿ.