ಚಳಿಗಾಲದ ಮಡಿ

ಒದ್ದೆ ಬಟ್ಟೆಯುಟ್ಟು ನಡುಗುತ್ತ ಮಾಡಿದರಷ್ಟೇ ಪೂಜೆಯೇ, ಬೆಚ್ಚಗೆ ಹೊದ್ದರೆ ಮಡಿ ಕೆಡುವುದೇ? ಚಳಿಗಾಲದ ಬೆಳಗಿನಲ್ಲಿ ಏಳುವ ಈ ಪ್ರಶ್ನೆಗೆ, ಕೆಡುವುದಿಲ್ಲ ಎಂಬುದೇ ನನ್ನ ಉತ್ತರ. ಅದಕ್ಕೆ ಸಾಕ್ಷಿ ಸಂಪ್ರದಾಯದೊಳಗೇ ಇದೆ. ಹತ್ತಿ ಬಟ್ಟೆಗೆ ಮೈಲಿಗೆ ಬೇಗ; ಉಣ್ಣೆ, ರೇಷ್ಮೆಗೆ ಆ ಕಟ್ಟು ಸಡಿಲ. ಅದಕ್ಕೇ ಸಾಂಗಲಿ-ಮಿರಜದ ಹಳೆಯ ಮನೆಗಳಲ್ಲಿ ಮಡಿಗೆಂದು ಧಾಬಳಿ ಎಂಬ ಉಣ್ಣೆಯ ವಸ್ತ್ರ ಇರುತ್ತಿತ್ತು. ಸಾಂಗಲಿ ಜಿಲ್ಲೆಯದೇ ಆದ ಆರೇವಾಡಿಯ ಬಿರೋಬಾ ದೇವರಿಗೆ ನಡೆದುಕೊಳ್ಳುವ ಧನಗರರಿಗೆ, ನಮ್ಮ ಹಾಲುಮತದವರಿಗೆ, ಕಂಬಳಿ ಚಳಿಯ ಹೊದಿಕೆಯೂ ಹೌದು, ದೇವರ ಕಾರ್ಯದ ಪವಿತ್ರ ವಸ್ತುವೂ ಹೌದು. ಮಿರಜದ ಮೀರಾಸಾಹೇಬರ ದರ್ಗಾದಲ್ಲಿ ತಲೆ ಮುಚ್ಚಿಕೊಳ್ಳುವುದು ರೂಢಿ. ಅಲ್ಲಿಯೂ ಬಟ್ಟೆ ವಿನಯದ ಗುರುತು, ಮೈಗೆ ಶಿಕ್ಷೆಯಲ್ಲ.

ದೇಹ ದಂಡಿಸದೆ ತಪಸ್ಸೆಲ್ಲಿ ಎಂದು ಕೇಳುವವರಿದ್ದಾರೆ. ತಾನಾಗಿ ಆರಿಸಿಕೊಂಡ ಕಷ್ಟಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಒದ್ದೆ ಸೀರೆಯಲ್ಲಿ ನೈವೇದ್ಯದ ಅಡುಗೆ ಮಾಡಬೇಕಾದ ಸೊಸೆಗೆ, ಕೀಲುನೋವಿನ ಅಜ್ಜಿಗೆ ಆರಿಸಿಕೊಳ್ಳುವ ಅವಕಾಶವೇ ಇರಲಿಲ್ಲ; ಬೇರೆಯವರ ಮೇಲೆ ಹೇರಿದ್ದು ತಪಸ್ಸಾಗದು. ಒಮ್ಮೆ ಸಡಿಲಿಸಿದರೆ ನಿಯಮವೇ ಉಳಿಯದು ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಇಲ್ಲಿ ಸಡಿಲಿಸಿದ್ದು ನಾವಲ್ಲ, ಉಣ್ಣೆಯನ್ನು ಒಪ್ಪಿಕೊಂಡ ಹಿರಿಯರೇ. ಅಲ್ಲದೆ ರೇಷ್ಮೆ, ಉಣ್ಣೆ ಕೊಳ್ಳಬಲ್ಲವರಿಗೆ ಬೆಚ್ಚಗಿನ ಮಡಿ, ಬಡವರಿಗೆ ಒದ್ದೆ ಹತ್ತಿ ಎಂಬಂತಾದರೆ ಶುದ್ಧಿ ಹಣದ ಮಾತಾಗುತ್ತದೆ; ಅದನ್ನು ಯಾವ ದೇವರೂ ಕೇಳಿದ್ದಿಲ್ಲ. ಈ ಚಳಿಗಾಲ ನಿಮ್ಮ ಮನೆಯ ಹಿರಿಯರು ಪೂಜೆಗೆ ಕೂತಾಗ ಒಗೆದ ಸ್ವೆಟರೊಂದನ್ನು ನೀವೇ ತಂದು ತೊಡಿಸಿ.